ಮೇನ್ ಸ್ವಿಚ್ ಒಂದು ದಿನ ಇಳಿಸಿ ನೋಡಿ

(ಬಿರುಗಾಳಿ, ಅತಿಮಳೆ ಮತ್ತು ದಿನಗಟ್ಟಲೆ ಕರೆಂಟು ಇಲ್ಲದ ಹೊತ್ತಿಗೆ ಹಳ್ಳಿಮನೆಯನ್ನು ಅಣಿಗೊಳಿಸುವ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಿಮಗೇ ಒಂದು ಪ್ರಶ್ನೆ. ಕರೆಂಟು ಹೋದರೆ ನಿಮ್ಮ ಮನೆಯಲ್ಲಿ ಏನೇನು ನಿಲ್ಲುತ್ತದೆ? ಎಲ್ಲಿ ಕೇಳಿದರೂ ಮೊದಲು ಬರುವ ಉತ್ತರ 'ಲೈಟು'. ಆಮೇಲೆ ಫ್ಯಾನು, ಟಿವಿ, ಮೊಬೈಲ್ ಚಾರ್ಜು. ಸ್ವಲ್ಪ ಹೊತ್ತು ಕಾದರೆ ಹಿಂದಿನ ಸಾಲಿನಿಂದ ಯಾರಾದರೂ ಹೆಂಗಸರು 'ನೀರು' ಅನ್ನುತ್ತಾರೆ. ಇವತ್ತು ನಾನು ಆಡುವ ಮಾತಿನ ಬಹುಭಾಗ ಆ ಒಂದು ಉತ್ತರದ ಸುತ್ತಲೇ ಇದೆ.

ಒಂದು ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ಲೈನಿನ ಕಂಬಗಳು ಮರ ಬಿದ್ದು ಉರುಳಿದವು. ಮೊದಲ ರಾತ್ರಿ ಕಳೆಯಿತು. ಮರುದಿನ ಮಧ್ಯಾಹ್ನಕ್ಕೆ ಟ್ಯಾಂಕ್ ಖಾಲಿ. ಬಾವಿ ಇದೆಯಲ್ಲ ಎಂದು ಧೈರ್ಯವಾಗಿ ಹೋದೆ. ಮಳೆಗಾಲ, ನೀರು ಮೇಲಕ್ಕೇ ಬಂದಿತ್ತು, ಇಣುಕಿದರೆ ಮುಖ ಕಾಣುವಷ್ಟು. ಆದರೆ ಪಂಪು ಹಾಕಿಸಿದ ಮೇಲೆ ರಾಟೆಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆವು. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಹಾಕಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಅದನ್ನು ಒಡೆದದ್ದಾಯಿತು. ಹಳೇ ಹಗ್ಗಕ್ಕೆ ಕೊಡ ಕಟ್ಟಿ ಇಳಿಸಿದರೆ ಅರ್ಧಕ್ಕೆ ಎತ್ತುವಾಗ ಹಗ್ಗ ಪಟ್ಟನೆ ಕಡಿಯಿತು, ಕೊಡ ಗುಳುಗುಳು ಸದ್ದು ಮಾಡುತ್ತ ತಳ ಸೇರಿತು. ಕೊಟ್ಟಿಗೆಯಲ್ಲಿ ದನ ಕೂಗುತ್ತಿತ್ತು. ತುಂಬಿದ ಬಾವಿಯ ಕಟ್ಟೆಯ ಮೇಲೆ ಕೈಯಲ್ಲಿ ಒಂದು ತುಂಡು ಹಗ್ಗ ಹಿಡಿದು ನಿಂತಿದ್ದ ಆ ಗಳಿಗೆಯನ್ನು ನಾನು ಮರೆತಿಲ್ಲ. ಬ್ಯಾಟರಿ, ಇನ್ವರ್ಟರ್, ಜನರೇಟರ್ ಎಂಬ ಮಾತಿಗೆ ಮೊದಲೇ ಹಗ್ಗ ಮತ್ತು ರಾಟೆಯ ಮಾತು ಎತ್ತುವುದು ಅದಕ್ಕಾಗಿ.

ಹಳ್ಳಿಮನೆಯವರು ಇನ್ನೊಂದು ವಿಷಯ ಮನಸ್ಸಿಗೆ ತಂದುಕೊಳ್ಳಬೇಕು. ಕರೆಂಟು ಹೋಗುವುದರಲ್ಲಿ ಎರಡು ಬಗೆ. 2012ರ ಜುಲೈ 31ರಂದು ಭಾರತದ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು, ಅಂದರೆ ರಾಜ್ಯರಾಜ್ಯಗಳನ್ನು ಜೋಡಿಸುವ ದೊಡ್ಡ ವಿದ್ಯುತ್ ಜಾಲಗಳು, ಒಟ್ಟಿಗೆ ಕುಸಿದು 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟು ಇಲ್ಲದಾಯಿತು. ಅಷ್ಟು ದೊಡ್ಡ ಕತ್ತಲೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಸರಿಹೋಯಿತು. ಯಾಕೆಂದರೆ ತಂತಿಗಳೂ ಕಂಬಗಳೂ ನೆಟ್ಟಗಿದ್ದವು. ಬಿರುಗಾಳಿಯ ಕಥೆ ಬೇರೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕಂಬಗಳನ್ನೇ ಕಿತ್ತು ಹಾಕಿತು. ಕೊನೆಕೊನೆಯ ಮನೆಗಳಿಗೆ ಕರೆಂಟು ತಲುಪುವಾಗ ಸುಮಾರು 11 ತಿಂಗಳು ಕಳೆದಿತ್ತು. ದುರಸ್ತಿಗೆ ಎಲ್ಲ ಕಡೆಯೂ ಒಂದೇ ಕ್ರಮ. ಮೊದಲು ದೊಡ್ಡ ಲೈನು, ಸಬ್‌ಸ್ಟೇಷನ್, ಆಸ್ಪತ್ರೆ. ಆಮೇಲೆ ಹೆಚ್ಚು ಮನೆಗಳಿರುವ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ ಲೈನು. ಕಟ್ಟಕಡೆಗೆ ಒಂಟಿಮನೆಗೆ ಹೋಗುವ ಕವಲು. ಇದರಲ್ಲಿ ಯಾರ ತಪ್ಪೂ ಇಲ್ಲ, ಒಂದು ಗಂಟೆಯ ಕೆಲಸದಲ್ಲಿ ಸಾವಿರ ಮನೆಗೆ ಬೆಳಕು ಕೊಡುವುದೋ ಒಂದು ಮನೆಗೋ ಎಂದರೆ ಯಾರಾದರೂ ಸಾವಿರವನ್ನೇ ಆರಿಸುತ್ತಾರೆ. ನಾವು ಲೈನಿನ ಬಾಲದಲ್ಲಿರುವವರು. ಪೇಟೆಗೆ ಒಂದು ದಿನ ಎಂದರೆ ನಮಗೆ ಒಂದು ವಾರ ಎಂದೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮರಿಯಾ ವಿಷಯದಲ್ಲಿ ಇನ್ನೊಂದು ಲೆಕ್ಕ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅಲ್ಲಿನ ಸರ್ಕಾರ ಮೊದಲು ಹೇಳಿದ ಸಾವಿನ ಸಂಖ್ಯೆ 64. ಮರುವರ್ಷ ನಡೆದ ಅಧ್ಯಯನದ ಬಳಿಕ ಒಪ್ಪಿಕೊಂಡ ಅಂದಾಜು 2,975. ಈ ಎರಡು ಅಂಕಿಗಳ ನಡುವೆ ಇರುವವರಲ್ಲಿ ಬಹಳ ಮಂದಿಯನ್ನು ಗಾಳಿ ಕೊಂದಿರಲಿಲ್ಲ. ಗಾಳಿ ನಿಂತ ಮೇಲಿನ ವಾರಗಳಲ್ಲಿ, ತಿಂಗಳುಗಳಲ್ಲಿ ಔಷಧ, ಕರೆಂಟು, ಆರೈಕೆ ಸಿಗದೆ ಹೋದವರು, ಅದರಲ್ಲೂ ವಯಸ್ಸಾದವರು. ನಮ್ಮ ತಯಾರಿಯೆಲ್ಲ ಗಾಳಿ ಬೀಸುವ ಆ ಕೆಲವು ಗಂಟೆಗಳಿಗೆ ಎಂದು ನಾವು ತಿಳಿಯುತ್ತೇವೆ. ಅದಕ್ಕಿಂತ ಹೆಚ್ಚು ಬೇಕಾದದ್ದು ಆಮೇಲಿನ ದಿನಗಳಿಗೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಪಟ್ಟಿ ಬರೆದು ಅಂಗಡಿಗೆ ಹೋಗಬೇಡಿ. ಆಕಾಶ ತಿಳಿಯಾಗಿರುವ, ಎಲ್ಲರೂ ಮನೆಯಲ್ಲಿರುವ ಒಂದು ದಿನ ನೋಡಿ, ಸಂಜೆ ಆರಕ್ಕೆ ಮೇನ್ ಸ್ವಿಚ್ ಇಳಿಸಿ. ಮರುದಿನ ಸಂಜೆ ಆರರವರೆಗೆ ಮುಟ್ಟಬೇಡಿ. ಮನೆಯಲ್ಲಿ ಯಾರ ಉಸಿರಾಟವಾದರೂ ಯಂತ್ರದ ಮೇಲಿದ್ದರೆ ಮಾತ್ರ ಇದನ್ನು ಮಾಡಬೇಡಿ. ಉಳಿದವರು ಒಂದು ನೋಟ್‌ಬುಕ್ ಇಟ್ಟುಕೊಂಡು, ತಡವರಿಸಿದ್ದನ್ನೆಲ್ಲ ಅದರಲ್ಲಿ ಬರೆಯಿರಿ. ಟಾರ್ಚ್ ಎಲ್ಲಿದೆ ಎಂದು ಹುಡುಕಿದ್ದು. ಟಾರ್ಚ್ ಸಿಕ್ಕಿದರೂ ಸೆಲ್ ಸೋರಿ ಹೋಗಿದ್ದದ್ದು. ಗ್ಯಾಸ್ ಒಲೆ ಹಚ್ಚಲು ಬೆಂಕಿಪೊಟ್ಟಣ ಇಲ್ಲದ್ದು. ಪಕ್ಕದ ಮನೆಯವರ ಫೋನ್ ನಂಬರು ಮೊಬೈಲಿನಲ್ಲಿ ಮಾತ್ರ ಇದ್ದದ್ದು. ಮಿಷಿನ್ನಿನಲ್ಲೇ ಹಾಲು ಕರೆದು ಅಭ್ಯಾಸವಾದ ಮಗನಿಗೆ ಕೈಯಲ್ಲಿ ಕರೆಯಲು ಬಾರದ್ದು. ಇದು ಸಣ್ಣ ಸಂಗತಿಯಲ್ಲ, ಎರಡು ಹೊತ್ತು ಕರೆಯದೆ ಬಿಟ್ಟರೆ ಹಸು ನೋವಿನಿಂದ ಒದ್ದಾಡುತ್ತದೆ, ಕೆಚ್ಚಲಿಗೆ ಬಾವು ಬರಲು ಅದೇ ದಾರಿ. ಆ ನೋಟ್‌ಬುಕ್ಕೇ ನಿಮ್ಮ ಮನೆಯ ನಿಜವಾದ ಪಟ್ಟಿ. ಬೇರೆಯವರು ಬರೆದುಕೊಟ್ಟ ಪಟ್ಟಿಗಿಂತ ಅದು ನಿಮಗೆ ಹತ್ತು ಪಾಲು ಉಪಯೋಗಕ್ಕೆ ಬರುತ್ತದೆ.

ನೀರಿನ ಲೆಕ್ಕಕ್ಕೆ ಬರೋಣ. ನೆರವಿನ ಶಿಬಿರಗಳಲ್ಲಿ ಕುಡಿಯಲು, ಅಡುಗೆಗೆ, ಮೈಕೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬ ಅಳತೆಯಿದೆ. ಐದು ಜನರ ಮನೆಗೆ 75 ಲೀಟರ್, ಒಂದು ವಾರಕ್ಕೆ 525. ಅಷ್ಟೇನಾ ಅನ್ನಿಸುತ್ತದೆ. ಈಗ ಕೊಟ್ಟಿಗೆಗೆ ಬನ್ನಿ. ಹಾಲು ಕರೆಯುವ ದೊಡ್ಡ ಹಸು ಸೆಕೆಗಾಲದಲ್ಲಿ ದಿನಕ್ಕೆ 80 ಲೀಟರಿಗೂ ಮೀರಿ ಕುಡಿಯಬಲ್ಲದು. ಎರಡು ಹಸು ಇದ್ದರೆ ಮನೆಮಂದಿಗೆಲ್ಲ ಬೇಕಾದದ್ದರ ಎರಡು ಪಟ್ಟು ನೀರು ಕೊಟ್ಟಿಗೆಗೇ ಬೇಕು. ಅದನ್ನು ಕೈಯಲ್ಲಿ ಸೇದಿ ಹೊರಬೇಕು. ಆದ್ದರಿಂದ ಹಗ್ಗ ಮಾತ್ರ ಸಾಲದು, ರಾಟೆ ಬೇಕು, ರಾಟೆ ತೂಗಲು ಗಟ್ಟಿ ಅಡ್ಡಪಟ್ಟಿ ಬೇಕು, ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಬೀಳಬೇಕು. ಕೈಪಂಪು ಇಲ್ಲದ ಬೋರ್‌ವೆಲ್ ಒಂದೇ ಇರುವವರಿಗೆ ಕೈಯಲ್ಲಿ ಎತ್ತುವ ದಾರಿಯೇ ಇಲ್ಲ, ಅವರು ಟ್ಯಾಂಕಿನ ಗಾತ್ರವನ್ನೇ ನಂಬಬೇಕು. ಗಾಳಿಯ ಮುನ್ಸೂಚನೆ ಬಂದ ಕೂಡಲೇ ಟ್ಯಾಂಕ್, ಡ್ರಮ್ಮು, ಬಕೆಟ್ಟು, ಕೊನೆಗೆ ಮುಚ್ಚಳವಿರುವ ಪಾತ್ರೆಗಳನ್ನೂ ತುಂಬಿಸಿಡಿ. ತುಂಬಿದ ಟ್ಯಾಂಕ್‌ಗೆ ಇನ್ನೊಂದು ಲಾಭವಿದೆ, ಅದು ಗಾಳಿಗೆ ಹಾರುವುದಿಲ್ಲ. ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ಹಾರುತ್ತದೆ.

ಮಾಡಿನ, ಅಂದರೆ ಮನೆಯ ಛಾವಣಿಯ ನೀರನ್ನೂ ಮರೆಯಬೇಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಮಾಡಿಗೆ ನೂರು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್. ಮಾಡಿನ ಅಂಚಿನಲ್ಲಿ ನೀರು ಹರಿದುಬರುವ ದಂಬೆಯ ಕೆಳಗೆ ಡ್ರಮ್ಮು ಇಟ್ಟವರಿಗೆ ದನಕರುವಿಗೆ, ಕಕ್ಕಸಿಗೆ ನೀರಿನ ಚಿಂತೆಯಿಲ್ಲ. ಇಡದವರಿಗೆ ಆ ಹತ್ತು ಸಾವಿರ ಲೀಟರ್ ಅಡಿಪಾಯದ ಬುಡಕ್ಕೇ ಬೀಳುತ್ತದೆ. ಮಳೆಗೆ ಮೊದಲು ಮನೆಯ ಸುತ್ತಲಿನ ಚರಂಡಿ ಬಿಡಿಸಿ ನೀರು ದೂರ ಹರಿಯುವಂತೆ ಮಾಡುವ ಒಂದು ದಿನದ ಗುದ್ದಲಿ ಕೆಲಸಕ್ಕೆ ಸಮನಾದದ್ದು ಯಾವುದೂ ಇಲ್ಲ.

ನೆರೆನೀರು ಬಾವಿಗೆ ಇಳಿದಿದ್ದರೆ ಆ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಎತ್ತರದ ಬೆಟ್ಟಪ್ರದೇಶದಲ್ಲಿ ಮೂರು ನಿಮಿಷ. ಉರುವಲು ಇಲ್ಲದಿದ್ದರೆ ಪರಿಮಳ ಬೆರೆಸದ, ಶೇಕಡ 5ರಿಂದ 6ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣ ಲೀಟರಿಗೆ ಎರಡು ಹನಿ, ಆಮೇಲೆ ಅರ್ಧ ಗಂಟೆ ಕಾಯಬೇಕು. ಆದರೆ ಹೊಲಕ್ಕೆ ಹೊಡೆದ ಔಷಧ, ಡೀಸೆಲ್ ಬೆರೆತಿದ್ದರೆ ಕುದಿಸಿದರೂ ಪ್ರಯೋಜನವಿಲ್ಲ, ಆ ನೀರನ್ನು ಬಿಟ್ಟೇಬಿಡಬೇಕು.

ಈಗ ಗಾಳಿ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಗಂಟೆಗೆ 72 ಕಿಲೋಮೀಟರ್ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 24 ಕಿಲೋ ಭಾರದಷ್ಟು ಒತ್ತುತ್ತದೆ. ಅದೇ 144 ಆದರೆ 98 ಕಿಲೋ. ಮೂರು ಚದರ ಮೀಟರಿನ ಒಂದು ತಗಡಿನ ಶೀಟಿನ ತೂಕ ಹದಿನೈದು ಕಿಲೋದ ಆಸುಪಾಸು. ಅದನ್ನು ಎತ್ತಲು ಹೊರಟಿರುವುದು ಮುನ್ನೂರು ಕಿಲೋದ ಹತ್ತಿರದ ಬಲ. ಮಾಡಿನ ಅಂಚಿನಲ್ಲಿ, ಮೂಲೆಯಲ್ಲಿ ಎಳೆತ ಇನ್ನೂ ಹೆಚ್ಚು. ಶೀಟಿನ ಮೇಲೆ ಕಲ್ಲು, ಹಳೇ ಟಯರು ಇಟ್ಟು ನೆಮ್ಮದಿಯಾಗಿರುವವರು ಈ ಲೆಕ್ಕ ನೋಡಬೇಕು. ಆ ಕಲ್ಲು ಶೀಟನ್ನು ಹಿಡಿಯುವುದಿಲ್ಲ, ಶೀಟಿನ ಜೊತೆಗೆ ಹಾರಿ ಯಾರದೋ ತಲೆಯ ಮೇಲೆ ಬೀಳುತ್ತದೆ.

ಮಾಡು ಉಳಿಯುವುದು ಹಿಡಿತದಿಂದ. ಶೀಟು ರೀಪಿಗೆ (ಅಡ್ಡ ಪಟ್ಟಿಗೆ), ರೀಪು ಪಕಾಸಿಗೆ (ಮಾಡನ್ನು ಹೊರುವ ಓರೆ ತೊಲೆಗೆ), ಪಕಾಸು ಗೋಡೆಗೆ, ಗೋಡೆ ಅಡಿಪಾಯಕ್ಕೆ. ಈ ಸರಪಳಿಯಲ್ಲಿ ಎಲ್ಲಿ ಮೊಳೆ ಮಾತ್ರ ಇದೆಯೋ ಅಲ್ಲಿಂದಲೇ ಬಿಡುತ್ತದೆ. ಒಣಹವೆಯಲ್ಲಿ ಏಣಿ ಹಾಕಿ ಹತ್ತಿ, ಒಂದೊಂದು ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ನೋಡಿ. ವಾಷರಿನ ರಬ್ಬರು ಬಿಸಿಲಿಗೆ ಸುಟ್ಟು ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ, ತೂತು ಅಗಲವಾಗಿರುತ್ತದೆ. ಬೋಲ್ಟು ಸುಮ್ಮನೆ ಗಿರಗಿರ ತಿರುಗಿದರೆ ಅಲ್ಲಿ ಹಿಡಿತ ಇಲ್ಲವೆಂದೇ ಅರ್ಥ. ಅಂಚಿನ ಎರಡು ಸಾಲು ಬದಲಿಸಿದರೂ ಬಹಳ ಲಾಭ. ಮೊಳೆ ಮಾತ್ರ ಇರುವಲ್ಲಿ ಕಬ್ಬಿಣದ ಪಟ್ಟಿ ಸುತ್ತಿ ಬಿಗಿಸಿ. ಅದರ ಜೊತೆಗೇ ಮನೆಯ ಮೇಲೆ, ಲೈನಿನ ಮೇಲೆ ಬಾಗಿರುವ ಒಣಕೊಂಬೆಗಳನ್ನು ನೋಡಿಕೊಳ್ಳಿ. ಲೈನಿನ ಹತ್ತಿರದ ಕೊಂಬೆಯನ್ನು ಮಾತ್ರ ನೀವೇ ಕಡಿಯಲು ಹೋಗಬಾರದು, ಲೈನ್ ಆಫ್ ಮಾಡಿಸಿ ಕರೆಂಟು ಆಫೀಸಿನವರಿಂದಲೇ ಕಡಿಸಿ.

ಜಾನುವಾರಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಇದನ್ನಂತೂ ದಯವಿಟ್ಟು ನೆನಪಿಡಿ. ನೆರೆಯಲ್ಲಿ ಸಾಯುವ ದನಗಳಲ್ಲಿ ಕಟ್ಟಿದಲ್ಲೇ ಮುಳುಗುವವು ಇರುತ್ತವೆ. ದನ ಚೆನ್ನಾಗಿ ಈಜುತ್ತದೆ, ಕುತ್ತಿಗೆಯ ಹಗ್ಗ ಬಿಡಬೇಕಷ್ಟೆ. ನೀರು ಏರುವ ಸೂಚನೆಯಿದ್ದರೆ ಮೊದಲೇ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಿ. ಆಗದಿದ್ದರೆ ಕಣ್ಣಿ ಬಿಚ್ಚಿ, ಬಾಗಿಲು ತೆರೆದಿಡಿ. ಮಳೆಗಾಲ ಪೂರ್ತಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕಿ. ಒದ್ದೆಯಾದ ಬಿಗಿಗಂಟನ್ನು ಕತ್ತಲಲ್ಲಿ ನಡುಗುವ ಬೆರಳುಗಳಿಂದ ಬಿಚ್ಚಲು ಆಗುವುದಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒಂದು ಕತ್ತಿ ಸಿಕ್ಕಿಸಿಟ್ಟಿರಿ.

ಇನ್ನು ಕರೆಂಟಿನ ಬದಲಿ ವ್ಯವಸ್ಥೆ. ಹೆಚ್ಚು ಜನ ದುಡ್ಡು ಹಾಕುವುದೂ, ಹೆಚ್ಚು ಜನ ಜೀವ ಕಳೆದುಕೊಳ್ಳುವ ತಪ್ಪು ಮಾಡುವುದೂ ಇಲ್ಲೇ.

ಇನ್ವರ್ಟರ್ ಇದೆ, ನಮಗೇನು ಚಿಂತೆಯಿಲ್ಲ ಅನ್ನುವವರು ಒಂದು ಲೆಕ್ಕ ಹಾಕಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ 1,800 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, 900. ಇನ್ವರ್ಟರಿನಲ್ಲಿ ಸೋರುವುದನ್ನು ಕಳೆದರೆ 750 ಉಳಿಯಿತು ಅನ್ನಿ. 75 ವ್ಯಾಟಿನ ಒಂದು ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 600. 9 ವ್ಯಾಟಿನ ಮೂರು ಬಲ್ಬು ಐದು ಗಂಟೆ ಉರಿದರೆ 135. ಅಲ್ಲಿಗೆ ಒಂದೇ ರಾತ್ರಿಗೆ ಮುಗಿಯಿತು. ಫ್ಯಾನು ಬಿಟ್ಟರೆ ಅದೇ ಬ್ಯಾಟರಿ ಐದು ರಾತ್ರಿ ಬೆಳಕು ಕೊಡಬಲ್ಲದು, ಒಂದು ಷರತ್ತಿನ ಮೇಲೆ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಹಗಲು ಪೂರ್ತಿ ಹಾಗೇ ಬಿಟ್ಟರೆ ನಿಮ್ಮ ಬೆಳಕನ್ನೆಲ್ಲ ಅದೇ ಕುಡಿದಿರುತ್ತದೆ. ಬೇಡದ ಹೊತ್ತಿನಲ್ಲಿ ಅದರ ಸ್ವಿಚ್ಚನ್ನೇ ಆರಿಸಿ.

ಮಾಡಿನ ಮೇಲೆ ಸೋಲಾರ್ ಫಲಕ ಹಾಕಿಸಿಕೊಂಡವರು ಬಿಸಿಲಿದ್ದರೂ ಕರೆಂಟು ಇಲ್ಲವೇಕೆ ಎಂದು ಕೇಳುತ್ತಾರೆ. ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿ ಇಲ್ಲದ ವ್ಯವಸ್ಥೆ ಲೈನ್ ಸತ್ತ ಕೂಡಲೇ ತಾನೂ ನಿಲ್ಲುವಂತೆಯೇ ಮಾಡಿರುತ್ತಾರೆ. ಅದು ಕೆಟ್ಟಿದೆ ಎಂದಲ್ಲ, ಲೈನ್ ಮೇಲೆ ಕೆಲಸ ಮಾಡುವವನ ಜೀವ ಉಳಿಸಲು ಹಾಗಿದೆ. ಕರೆಂಟು ಹೋದಾಗಲೂ ಬೇಕು ಎಂದರೆ ಬ್ಯಾಟರಿ ಇರುವ ಬಗೆಯನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ಜನರೇಟರಿನಲ್ಲೂ ಇದೇ ಪ್ರಶ್ನೆ, ಇನ್ನೂ ಭಯಂಕರವಾಗಿ. ಕೆಲವರು ಎರಡೂ ಕಡೆ ಪ್ಲಗ್ ಇರುವ ವೈರು ಮಾಡಿಕೊಂಡು, ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟುಬಿಡುತ್ತಾರೆ. ಮೇನ್ ಇಳಿಸಲು ಮರೆತರೆ ಆ 230 ವೋಲ್ಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕು ಗೊತ್ತಿಲ್ಲ. 11,000 ವೋಲ್ಟನ್ನು ಇಳಿಸುವ ಅದೇ ಪೆಟ್ಟಿಗೆ ಹಿಂದಿನಿಂದ ಬಂದದ್ದನ್ನು ಮತ್ತೆ 11,000ಕ್ಕೆ ಏರಿಸುತ್ತದೆ. ಎರಡು ಕಿಲೋಮೀಟರ್ ಆಚೆ, ಮಳೆಯಲ್ಲಿ ನೆನೆಯುತ್ತ, ನಿಮ್ಮ ಮನೆಗೆ ಕರೆಂಟು ಕೊಡಲೆಂದೇ ಕಂಬ ಹತ್ತಿರುವ ಲೈನ್‌ಮನ್ ಅದನ್ನು ಕೈಯಲ್ಲಿ ಹಿಡಿಯುತ್ತಾನೆ. ಅಂಥ ವೈರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕತ್ತರಿಸಿ ಹಾಕಿ. ಲೈನಿನ ಕರೆಂಟು, ಜನರೇಟರಿನ ಕರೆಂಟು ಎರಡರಲ್ಲಿ ಒಂದು ಸಲಕ್ಕೆ ಒಂದನ್ನೇ ಮನೆಗೆ ಬಿಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಇಲ್ಲವೇ ಬೇಕಾದ ಉಪಕರಣವನ್ನು ನೇರ ಜನರೇಟರಿಗೇ ಚುಚ್ಚಿ.

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರು ಏಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಭಾರೀ ಚಳಿಗೆ ಲಕ್ಷಾಂತರ ಮನೆಗಳ ಕರೆಂಟು ಹೋದಾಗ, ಬೆಚ್ಚಗಿರಲೆಂದು ಮನೆಯೊಳಗೆ ಇದ್ದಿಲು ಉರಿಸಿದವರು, ಗ್ಯಾರೇಜಿನಲ್ಲಿ ಕಾರು, ಜನರೇಟರ್ ಚಾಲೂ ಇಟ್ಟವರು ಈ ವಿಷಗಾಳಿಗೆ ಬಲಿಯಾದರು. ಜಗುಲಿಯಲ್ಲೂ ಬೇಡ, ಕಿಟಕಿಯ ಕೆಳಗೂ ಬೇಡ. ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆಕೊಳವೆ ಮನೆಗೆ ಬೆನ್ನು ಹಾಕಿರಬೇಕು. ಪೆಟ್ರೋಲ್ ಹಾಕುವ ಮೊದಲು ಆರಿಸಿ ತಣಿಯಲು ಬಿಡಿ. ಕೊಳ್ಳುವ ಮೊದಲು ನಿಮ್ಮ ಪಂಪಿನ ಲೆಕ್ಕವನ್ನೂ ನೋಡಿ. ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಒಂದು ಎಚ್‌ಪಿ ಪಂಪಿಗೆ ಒಂದು ಕಿಲೋವಾಟಿನ ಜನರೇಟರ್ ತಂದರೆ ಅದು ಗೊರಗುಟ್ಟಿ ನಿಂತುಬಿಡುತ್ತದೆ.

ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟು ಗಡ್ಡೆ ಕಟ್ಟಿಸಿಟ್ಟಿರಿ. ಒಂದು ಲೋಟ ನೀರು ಗಡ್ಡೆ ಕಟ್ಟಿದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಮನೆ ಬಿಟ್ಟು ಹೋಗಿ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯುತ್ತದೆ, ಆ ಆಹಾರ ಬೇಡ. ಇನ್ಸುಲಿನ್ ಇರುವ ಮನೆಯವರು ಇದಕ್ಕಿಂತ ಜಾಗ್ರತೆಯಾಗಿರಬೇಕು. ಬಹುತೇಕ ಇನ್ಸುಲಿನ್, ಬಳಸಲು ಶುರು ಮಾಡಿದ ಮೇಲೆ ಸುಮಾರು ನಾಲ್ಕು ವಾರ ಫ್ರಿಜ್ ಇಲ್ಲದೆಯೂ ಉಳಿಯುತ್ತದೆ, ಆದರೆ ಹೆಚ್ಚಿನ ಸೆಕೆ ತಾಗಬಾರದು. ನಿಮ್ಮದು ಎಷ್ಟು ತಾಳುತ್ತದೆ ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ಓದಿ, ಈಗಲೇ ಡಾಕ್ಟರನ್ನೂ ಕೇಳಿಟ್ಟುಕೊಳ್ಳಿ. ಒದ್ದೆಮಾಡಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಡಬ್ಬಿಯಲ್ಲಿ ಇಟ್ಟರೆ ಹೊರಗಿಗಿಂತ ತಂಪಾಗಿರುತ್ತದೆ. ಐಸಿಗೆ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಗಾಳಿ ನಿಂತ ಮೇಲೆ ಹೊರಗೆ ಕಾಲಿಡುವ ಹೊತ್ತು. ಬಿದ್ದ ತಂತಿ ಸತ್ತಿದೆ ಎಂದು ಯಾವತ್ತೂ ಎಣಿಸಬೇಡಿ. ಹತ್ತು ಮೀಟರ್ ಆಚೆಯೇ ನಿಲ್ಲಿ. ತಂತಿ ನೆಲಕ್ಕೆ ತಾಗಿದಲ್ಲಿಂದ ಸುತ್ತಲೂ ನೆಲದಲ್ಲೇ ವೋಲ್ಟೇಜು ಹರಡಿರುತ್ತದೆ, ಹತ್ತಿರದಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಎರಡು ಕಾಲುಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಮೈಯಲ್ಲಿ ಹರಿಯುವ ಕರೆಂಟು ಹೆಚ್ಚು. ತಂತಿಯನ್ನು ಮುಟ್ಟದೆಯೂ ದನ ಬಿದ್ದು ಸಾಯುವುದು ಇದರಿಂದಲೇ, ಅದರ ಮುಂಗಾಲು ಹಿಂಗಾಲುಗಳ ನಡುವಿನ ದೂರ ಹೆಚ್ಚು, ನಡುವೆ ಹೃದಯವಿದೆ. ಅಕಸ್ಮಾತ್ ಹತ್ತಿರವೇ ಹೋಗಿಬಿಟ್ಟಿದ್ದರೆ ಹೆಜ್ಜೆ ಎತ್ತಿ ಓಡಬೇಡಿ. ಪಾದಗಳನ್ನು ಜೋಡಿಸಿಕೊಂಡೇ, ನೆಲದಿಂದ ಎತ್ತದೆ, ತೆವಳಿಸುತ್ತ ಹಿಂದೆ ಸರಿಯಿರಿ. ಬಿದ್ದ ದನವನ್ನು ಎಬ್ಬಿಸಲು ಓಡಿದ ಯಜಮಾನನೂ ಅಲ್ಲೇ ಬೀಳುವ ಸಾವು ತಪ್ಪಿಸಬಹುದಾದದ್ದು. ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಅಂಗಳದಲ್ಲಿ ನಡೆಸಿ ತೋರಿಸಿ.

ಕೊನೆಗೆ ಕರೆಂಟು ಬರುತ್ತದೆ. ಆ ಖುಷಿಯಲ್ಲೂ ಸ್ವಲ್ಪ ತಾಳ್ಮೆ ಬೇಕು. ಕರೆಂಟು ಹೋದ ದಿನವೇ ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದು ಬಲ್ಬಿನ ಸ್ವಿಚ್ ಮಾತ್ರ ಹಾಕಿಟ್ಟಿರಿ. ಬಲ್ಬು ಹತ್ತಿದ ಮೇಲೆ ಹತ್ತು ನಿಮಿಷ ಅದನ್ನೇ ನೋಡಿ. ಹೊಯ್ದಾಡುತ್ತಿದ್ದರೆ, ಅಥವಾ ಎಂದಿಗಿಂತ ಪ್ರಖರವಾಗಿ ಉರಿಯುತ್ತಿದ್ದರೆ ಎಲ್ಲೋ ನ್ಯೂಟ್ರಲ್ ತಂತಿ, ಅಂದರೆ ಕರೆಂಟು ಹಿಂದಿರುಗುವ ತಂತಿ, ಕಡಿದಿರಬಹುದು. ಆಗ 230 ಇರಬೇಕಾದಲ್ಲಿ ಅದಕ್ಕಿಂತ ಬಹಳ ಹೆಚ್ಚು ವೋಲ್ಟು ಮನೆಗೆ ಬರುತ್ತಿರುತ್ತದೆ. ಮೇನ್ ಇಳಿಸಿ ಕರೆಂಟು ಆಫೀಸಿಗೆ ಫೋನ್ ಮಾಡಿ. ಬೆಳಕು ನಿಲುವಾಗಿದ್ದರೆ ಮೊದಲು ಫ್ರಿಜ್ಜೂ ಅಲ್ಲ, ಟಿವಿಯೂ ಅಲ್ಲ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ನೀರು ನುಗ್ಗಿಲ್ಲವೆಂದು ನೋಡಿಕೊಂಡು, ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು, ಪಂಪು ಹಾಕಿ ಟ್ಯಾಂಕ್ ತುಂಬಿಸಿ. ಅವಸರದ ದುರಸ್ತಿಯ ಲೈನು ಆ ರಾತ್ರಿಯೇ ಮತ್ತೆ ಬೀಳಬಹುದು.